ಮಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನಿಜವಾಗಿ ಎಷ್ಟು ಗಂಟೆ?

ಪ್ರಶ್ನೆ: ನಾನು ಬ್ರಹ್ಮಾವರದವಳು, ನಿವೃತ್ತ ಶಾಲಾ ಶಿಕ್ಷಕಿ. ಮಗಳು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ಇದ್ದಾಳೆ. ಅವಳ ಬಾಣಂತನಕ್ಕೆಂದು ನಾನೂ ನಮ್ಮವರೂ ಮೇ ತಿಂಗಳಲ್ಲಿ ಹೊರಟು ಅಕ್ಟೋಬರಿನಲ್ಲಿ ವಾಪಸ್ ಬರುತ್ತೇವೆ. ಮೊಬೈಲಿನಲ್ಲಿ ಹುಡುಕಿದರೆ ಮಂಗಳೂರಿನಿಂದ ಅಲ್ಲಿಗೆ 14,100 ಕಿ.ಮೀ., 17 ಗಂಟೆ ಎಂದು ತೋರಿಸುತ್ತದೆ. ಟಿಕೆಟ್ಟಿನಲ್ಲಿ 26 ಗಂಟೆ 30 ನಿಮಿಷ ಎಂದಿದೆ. ಮಂಗಳವಾರ ರಾತ್ರಿ 11.30ಕ್ಕೆ ಬಜ್ಪೆ ವಿಮಾನ ನಿಲ್ದಾಣದಿಂದ ಹೊರಟು, ದುಬೈಯಲ್ಲಿ ವಿಮಾನ ಬದಲಿಸಿ, ಬುಧವಾರ ಮಧ್ಯಾಹ್ನ 1.30ಕ್ಕೆ ತಲುಪುತ್ತೇವಂತೆ. ಕಳೆದು ನೋಡಿದರೆ 14 ಗಂಟೆ ಮಾತ್ರ! ಬರುವಾಗ ಸೋಮವಾರ ಸಂಜೆ 4ಕ್ಕೆ ಹೊರಟರೆ ಬುಧವಾರ ನಸುಕಿನ 3.20ಕ್ಕೆ ಮಂಗಳೂರು. ಇದರಲ್ಲಿ ಯಾವುದು ಸರಿ? ನಮ್ಮವರಿಗೆ ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ ಬಿಪಿ ಮಾತ್ರೆ ಇದೆ. ಯಾವ ಗಡಿಯಾರ ನೋಡಿ ಕೊಡಲಿ? ಮತ್ತೆ, ವಿಮಾನ ಉತ್ತರ ಧ್ರುವದ ಮೇಲೆ ಹೋಗುತ್ತದೆ ಎಂದು ಅಳಿಯ ಹೇಳಿದ. ಹೌದಾ? ಅಪಾಯ ಇಲ್ವಾ?

ಉತ್ತರ:

ಟೀಚರೇ, ನೀವು ಕೊಟ್ಟ ಮೂರು ಸಂಖ್ಯೆಗಳೂ ಸರಿಯೇ. 17 ಗಂಟೆ ಎನ್ನುವುದು ಇಲ್ಲದೇ ಇರುವ ಒಂದು ವಿಮಾನದ ಲೆಕ್ಕ. 14 ಗಂಟೆ ಎನ್ನುವುದು ಗೋಡೆ ಗಡಿಯಾರದ ಲೆಕ್ಕ. 26 ಗಂಟೆ 30 ನಿಮಿಷ ನಿಮ್ಮಿಬ್ಬರ ಮೈಯ ಲೆಕ್ಕ. ಮಾತ್ರೆಗೆ ಬೇಕಾದ್ದು ಈ ಕೊನೆಯದು. ಅದನ್ನು ಕೆಳಗೆ ಗಂಟೆ ಗಂಟೆಗೆ ಬಿಡಿಸಿ ಬರೆದಿದ್ದೇನೆ. ಅವಸರ ಇದ್ದರೆ ಮೊದಲು ಅದನ್ನೇ ಓದಿಕೊಳ್ಳಿ.

ನಾನು ಮೂವತ್ತು ವರ್ಷ ಫ್ಲೈಟ್ ಡಿಸ್ಪ್ಯಾಚರ್ ಆಗಿ ಕೆಲಸ ಮಾಡಿದವನು. ವಿಮಾನ ಹೊರಡುವ ಮೊದಲು ಅದು ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಎತ್ತರದಲ್ಲಿ ಹಾರಬೇಕು, ಎಷ್ಟು ಇಂಧನ ತುಂಬಬೇಕು ಎಂದು ನೆಲದ ಮೇಲೆ ಕೂತು ಲೆಕ್ಕ ಹಾಕುವ ಕೆಲಸ ಅದು. ಇದೇ ಪ್ರಶ್ನೆಯನ್ನು ನಮ್ಮ ಕರಾವಳಿಯ ಎಷ್ಟೋ ಅಪ್ಪ ಅಮ್ಮಂದಿರು ನನ್ನಲ್ಲಿ ಕೇಳಿದ್ದಾರೆ. ಪಾಸ್‌ಪೋರ್ಟ್, ವೀಸಾ ಎಲ್ಲ ಮಕ್ಕಳು ಮಾಡಿಸಿ ಕೊಡುತ್ತಾರೆ. ಆದರೆ ದಾರಿ ಹೇಗಿರುತ್ತದೆ ಎಂದು ಕೂತು ಹೇಳುವವರು ಇರುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ 14,100 ಕಿ.ಮೀ. ವಿಷಯ. ಮೊಬೈಲ್ ಎರಡು ಊರುಗಳ ಅಕ್ಷಾಂಶ ರೇಖಾಂಶ ತೆಗೆದುಕೊಂಡು, ಗೋಲದ ಮೇಲೆ ಅವುಗಳ ನಡುವಿನ ಅತಿ ಹತ್ತಿರದ ದಾರಿ ಎಷ್ಟು ಎಂದು ಹೇಳುತ್ತದೆ. ಅದನ್ನು ಗಂಟೆಗೆ 850 ಕಿ.ಮೀ. ವೇಗದಿಂದ ಭಾಗಿಸಿ, ಏರುವುದಕ್ಕೆ ಇಳಿಯುವುದಕ್ಕೆ ಅರ್ಧ ಗಂಟೆ ಸೇರಿಸಿದರೆ ಸುಮಾರು 17 ಗಂಟೆ ಬರುತ್ತದೆ. ಅಷ್ಟೇ. ಅದಕ್ಕೆ ಗಾಳಿ ಗೊತ್ತಿಲ್ಲ, ಹಿಮಾಲಯ ಗೊತ್ತಿಲ್ಲ, ಮಂಗಳೂರಿನಿಂದ ನೇರ ವಿಮಾನ ಇಲ್ಲ ಎಂಬುದೂ ಗೊತ್ತಿಲ್ಲ.

ಈ ಹತ್ತಿರದ ದಾರಿ ಎಂದರೇನು ಎಂದು ನೋಡಲಿಕ್ಕೆ ಒಂದು ಮಟ್ಟುಗುಳ್ಳ ಬದನೆಕಾಯಿ ತೆಗೆದುಕೊಳ್ಳಿ. ಚೆನ್ನಾಗಿ ದುಂಡಗಿರುವುದೇ ಆಗಲಿ. ತೊಟ್ಟು ಇರುವ ಕಡೆ ಉತ್ತರ ಧ್ರುವ ಎಂದುಕೊಳ್ಳಿ. ಕೈಗೆ ಮುಳ್ಳು ಚುಚ್ಚೀತು, ಜಾಗ್ರತೆ. ಕಾಯಿಯ ನಡುಭಾಗಕ್ಕಿಂತ ಸ್ವಲ್ಪ ಮೇಲೆ ಪೆನ್ನಿನಲ್ಲಿ ಒಂದು ಚುಕ್ಕೆ ಇಡಿ. ಅದು ಮಂಗಳೂರು, 13 ಡಿಗ್ರಿ ಉತ್ತರ. ಹೆಚ್ಚುಕಡಿಮೆ ಅದರ ಬೆನ್ನ ಹಿಂದೆ, ಇನ್ನೂ ಸ್ವಲ್ಪ ಮೇಲೆ ಇನ್ನೊಂದು ಚುಕ್ಕೆ. ಅದು ಸ್ಯಾನ್ ಫ್ರಾನ್ಸಿಸ್ಕೋ, ಸುಮಾರು 37.6 ಡಿಗ್ರಿ ಉತ್ತರ. ಈಗ ಎರಡಕ್ಕೂ ಒಂದು ನೂಲು ಬಿಗಿಯಾಗಿ ಹಿಡಿಯಿರಿ. ನೂಲು ಹೊಟ್ಟೆಯ ಸುತ್ತ ಬಳಸಿ ಹೋಗುವುದಿಲ್ಲ. ತೊಟ್ಟಿನ ಕಡೆಗೆ ಜಾರಿ, ಅದರ ಪಕ್ಕದಿಂದ ಆಚೆ ಇಳಿಯುತ್ತದೆ. ಮಕ್ಕಳಿಗೆ ಇಷ್ಟು ವರ್ಷ ಪಾಠ ಹೇಳಿದವರು ನೀವು, ನಿಮಗೆ ಇದು ಕ್ಷಣದಲ್ಲಿ ಹೊಳೆಯುತ್ತದೆ.

ಶಾಲೆಯ ಗೋಡೆಯಲ್ಲಿ ತೂಗುವ ನಕ್ಷೆ ಚಪ್ಪಟೆ. ಅದರಲ್ಲಿ ಅಮೆರಿಕ ಎಂದರೆ ಎಡಕ್ಕೆ ಅಟ್ಲಾಂಟಿಕ್ ದಾಟಿ, ಇಲ್ಲವೇ ಬಲಕ್ಕೆ ಪೆಸಿಫಿಕ್ ದಾಟಿ ಹೋಗಬೇಕು ಎಂದು ಕಾಣುತ್ತದೆ. ಗೋಲದ ಮೇಲೆ ಹಾಗಲ್ಲ. ಮಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹಿಡಿದ ನೂಲು ನೇಪಾಳ, ಟಿಬೆಟ್, ಪಶ್ಚಿಮ ಚೀನಾ, ಸೈಬೀರಿಯಾ ದಾಟಿ 73 ಡಿಗ್ರಿ ಉತ್ತರದವರೆಗೆ ಹೋಗಿ, ಆಮೇಲೆ ಅಲಾಸ್ಕಾ ಕಡೆಯಿಂದ ಇಳಿಯುತ್ತದೆ.

ಆದರೆ ಆ ದಾರಿಯಲ್ಲಿ ವಿಮಾನ ಹೋಗುವುದಿಲ್ಲ. ಮುಖ್ಯ ಕಾರಣ ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಅಕಸ್ಮಾತ್ ಇಳಿದರೆ, ಪೈಲಟ್ ಬೇಗ 10,000 ಅಡಿಗೆ ಇಳಿಯಬೇಕು. ಅಲ್ಲಿ ಮಾತ್ರ ಮಾಸ್ಕ್ ಇಲ್ಲದೆ ಉಸಿರಾಡಬಹುದು. ತಲೆಯ ಮೇಲಿಂದ ಇಳಿಬೀಳುವ ಆಮ್ಲಜನಕದ ಮಾಸ್ಕ್ ಹೆಚ್ಚಿನ ವಿಮಾನಗಳಲ್ಲಿ ಬರುವುದು ಹನ್ನೆರಡು ಹದಿನೈದು ನಿಮಿಷದಷ್ಟೇ ಹೊತ್ತು. ಟಿಬೆಟ್ಟಿನ ನೆಲವೇ 14,000 ಅಡಿಗಿಂತ ಎತ್ತರದಲ್ಲಿದೆ. ಇಳಿಯುವುದೆಲ್ಲಿಗೆ? ಅದಕ್ಕೇ ಹೆಚ್ಚಿನ ವಿಮಾನಗಳು ಆ ಪ್ರದೇಶವನ್ನು ಸುತ್ತು ಹಾಕಿಯೇ ಹೋಗುತ್ತವೆ.

ಇನ್ನು ನಮ್ಮ ಬಜ್ಪೆ. 1951ರ ಡಿಸೆಂಬರ್ 25ರಂದು ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದ ನಿಲ್ದಾಣ ಅದು. ಗುಡ್ಡದ ತಲೆ ಸಪಾಟು ಮಾಡಿ ಕಟ್ಟಿದ ರನ್‌ವೇ. ಮೊದಲಿನದು 1,615 ಮೀಟರ್ ಉದ್ದ ಇತ್ತು. 2006ರಲ್ಲಿ ಬಳಕೆಗೆ ಬಂದ ಎರಡನೆಯದು 2,450 ಮೀಟರ್. ದುಬೈಗೆ ಹೋಗುವ ಬೋಯಿಂಗ್ 737, ಏರ್‌ಬಸ್ 320 ತರಹದ ವಿಮಾನಗಳಿಗೆ ಇದು ಸಾಕು. ಅಮೆರಿಕಕ್ಕೆ ಒಂದೇ ನೆಗೆತದಲ್ಲಿ ಹೋಗಬೇಕಾದರೆ ಬೋಯಿಂಗ್ 777ರಂಥ ದೊಡ್ಡ ವಿಮಾನ ಬೇಕು. 16 ಗಂಟೆ ಹಾರಲಿಕ್ಕೆ ಅದು ನೂರು ಟನ್ನಿಗೂ ಜಾಸ್ತಿ ಇಂಧನ ಹೊರಬೇಕು. ಆ ಭಾರ ಹೊತ್ತು ನೆಲ ಬಿಡುವುದಕ್ಕೆ ಉದ್ದ ಓಟ ಬೇಕು. ಬೆಂಗಳೂರಿನ ರನ್‌ವೇಗಳು 4,000 ಮೀಟರ್, ದುಬೈಯವು ಅದಕ್ಕೂ ಉದ್ದ. ನಮ್ಮಲ್ಲಿ ರನ್‌ವೇ ಎರಡೂ ತುದಿಯಲ್ಲಿ ಕಣಿವೆ ಇದೆ, ಉದ್ದ ಮಾಡುವುದು ಸುಲಭದ ಕೆಲಸ ಅಲ್ಲ. ಹಾಗಾಗಿ ಮೊಬೈಲ್ ಹೇಳುವ 17 ಗಂಟೆಯ ನೇರ ವಿಮಾನ ನಮಗೆ ಇಲ್ಲ.

ಹಾಗಾದರೆ ದುಬೈ ಸುತ್ತಿನಿಂದ ಎಷ್ಟು ನಷ್ಟ? ನೀವು ಅಂದುಕೊಂಡಷ್ಟು ಇಲ್ಲ. ಮಂಗಳೂರಿನಿಂದ ದುಬೈ ಸುಮಾರು 2,460 ಕಿ.ಮೀ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 13,000. ಕೂಡಿದರೆ 15,500ಕ್ಕೆ ಹತ್ತಿರ. ನೇರ ದಾರಿಗಿಂತ 1,400 ಕಿ.ಮೀ. ಜಾಸ್ತಿ, ಅಂದರೆ ಹಾರಾಟದಲ್ಲಿ ಒಂದೂವರೆ ಎರಡು ಗಂಟೆ. ನಿಮ್ಮ ಟಿಕೆಟ್ಟನ್ನು ಉದ್ದ ಮಾಡಿದ್ದು ದೂರ ಅಲ್ಲ. ದುಬೈಯಲ್ಲಿ ಕಾಯಬೇಕಾದ ಏಳು ಗಂಟೆ.

ಈ 13,000 ಕಿ.ಮೀ.ಯನ್ನು ನೀವೇ ಲೆಕ್ಕ ಹಾಕಬಹುದು. ನನಗೆ ಬಹಳ ಇಷ್ಟದ ಲೆಕ್ಕ ಇದು. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅದನ್ನು 360 ಡಿಗ್ರಿಗೆ ಹಂಚಿದರೆ ಒಂದು ಡಿಗ್ರಿಗೆ 111 ಕಿ.ಮೀ. ಬರುತ್ತದೆ. ದುಬೈ ಇರುವುದು ಪೂರ್ವ ರೇಖಾಂಶ 55ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಪಶ್ಚಿಮ 122ರಲ್ಲಿ. ಕೂಡಿಸಿ ನೋಡಿ, 177. ಪೂರಾ 180 ಆಗಿದ್ದರೆ ಎರಡು ಊರೂ ಭೂಮಿಯ ಎದುರುಬದುರು ರೇಖೆಗಳಲ್ಲಿ ಇರುತ್ತಿದ್ದವು. ಆಗ ಹತ್ತಿರದ ದಾರಿ ಸರಿಯಾಗಿ ಧ್ರುವದ ಮೇಲೆಯೇ. ಇಲ್ಲಿ ಕೊರತೆ ಬರೀ ಎರಡು ಮೂರು ಡಿಗ್ರಿ. ದುಬೈಯಿಂದ ಧ್ರುವಕ್ಕೆ 90ರಲ್ಲಿ 25.25 ಕಳೆದರೆ 64.75 ಡಿಗ್ರಿ. ಧ್ರುವದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 90ರಲ್ಲಿ 37.6 ಕಳೆದರೆ 52.4. ಒಟ್ಟು 117 ಡಿಗ್ರಿ. ಅದನ್ನು 111ರಿಂದ ಗುಣಿಸಿದರೆ 13,000. ಕಾಗದ ಪೆನ್ಸಿಲ್ ಸಾಕು, ಮೊಬೈಲ್ ಬೇಡ.

ಹಾಗಾಗಿ ಅಳಿಯ ಹೇಳಿದ್ದು ನಿಜ. ಲೆಕ್ಕದ ನೂಲು ಧ್ರುವದಿಂದ ಸುಮಾರು 200 ಕಿ.ಮೀ. ಪಕ್ಕದಲ್ಲಿ ಹಾದುಹೋಗುತ್ತದೆ. ಬ್ರಹ್ಮಾವರದಿಂದ ಹೊನ್ನಾವರ ದಾಟಿ ಕಾರವಾರದ ಕಡೆಗೆ ಹೋಗುವಷ್ಟು ದೂರ, ಅಷ್ಟೇ. ವಿಮಾನ ಆ ನೂಲಿನ ಮೇಲೆಯೇ ದಿನಾ ಹೋಗುತ್ತದೆ ಎಂದಲ್ಲ. ಗಾಳಿ ನೋಡಿ, ಯಾವ ಆಕಾಶ ತೆರೆದಿದೆ ಎಂದು ನೋಡಿ ದಾರಿ ದಿನಕ್ಕೊಂದು ತರಹ ಬದಲಾಗುತ್ತದೆ. ಆದರೆ ಇರಾನ್, ಮಧ್ಯ ಏಷ್ಯಾ, ರಷ್ಯಾ, ಹಿಮಸಾಗರ, ಕೆನಡಾ ಎನ್ನುವ ಕ್ರಮವೇ ಸಾಮಾನ್ಯ. ಸೀಟಿನ ಎದುರಿನ ಪರದೆಯಲ್ಲಿ ನಕ್ಷೆ ಹಾಕಿಕೊಂಡರೆ ನಿಮಗೇ ಕಾಣುತ್ತದೆ.

ಅಪಾಯದ ಮಾತು. ನಾನು ಇಂಥ ದಾರಿಗಳಿಗೆ ಲೆಕ್ಕ ಹಾಕಿದ್ದೇನೆ, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ: ಹೆದರಬೇಡಿ. ದಾರಿಯುದ್ದಕ್ಕೂ ಯಾವ ಜಾಗದಲ್ಲಿ ತೊಂದರೆ ಆದರೂ ಗೊತ್ತುಮಾಡಿದ ಸಮಯದೊಳಗೆ ತಲುಪಬಹುದಾದ ಒಂದು ನಿಲ್ದಾಣ ಇರಲೇಬೇಕು ಎಂಬ ನಿಯಮ ಇದೆ. ಆ ನಿಲ್ದಾಣಗಳ ಹೆಸರು, ಅಲ್ಲಿನ ಹವಾಮಾನ ಎಲ್ಲ ಹೊರಡುವ ಮೊದಲೇ ಪೈಲಟ್ ಕೈಯಲ್ಲಿರುತ್ತದೆ. ಧ್ರುವದ ಮೇಲಿನ ಗಾಳಿ ಕೆಲವೊಮ್ಮೆ ಮೈನಸ್ 60 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ನಾವು ತುಂಬುವ ಜೆಟ್ ಎ-1 ಇಂಧನ ಗಟ್ಟಿಯಾಗಲು ಶುರುವಾಗುವುದು ಮೈನಸ್ 47ರಲ್ಲಿ. ಟ್ಯಾಂಕಿನೊಳಗಿನ ಇಂಧನ ಹೊರಗಿನಷ್ಟು ಬೇಗ ತಣಿಯುವುದಿಲ್ಲ. ಆದರೂ ಅದರ ಬಿಸಿ ಎಷ್ಟಿದೆ ಎಂದು ಕಾಕ್‌ಪಿಟ್ಟಿನಲ್ಲಿ ನೋಡುತ್ತಲೇ ಇರುತ್ತಾರೆ. ಮಿತಿಯ ಹತ್ತಿರ ಬಂದರೆ ಸ್ವಲ್ಪ ಕೆಳಗಿನ ಬೆಚ್ಚನೆಯ ಗಾಳಿಗೆ ಇಳಿಯುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ.

2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಇದೇ ಉತ್ತರ ಧ್ರುವದ ದಾರಿಯಲ್ಲಿ ಒಂದೇ ಸಮನೆ ಹಾರಿ ಬಂತು. ಸುಮಾರು 14,000 ಕಿ.ಮೀ. ಕಾಕ್‌ಪಿಟ್ಟಿನಲ್ಲಿದ್ದವರೆಲ್ಲ ಮಹಿಳೆಯರು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್. ಆ ದಿನ ನಮ್ಮ ಕಸುಬಿನವರಿಗೆಲ್ಲ ಹಬ್ಬ. 9ರ ರಾತ್ರಿ ಹೊರಟು 11ರ ನಸುಕಿಗೆ ಇಳಿದರು. ನಿಮ್ಮ ವಾಪಸ್ ಟಿಕೆಟ್ಟಿನಲ್ಲಿ ಮಂಗಳವಾರ ನುಂಗಿಹೋದಂತೆ ಕಾಣುತ್ತದಲ್ವಾ, ಅವರಿಗೂ ಹಾಗೇ 10ನೇ ತಾರೀಕು ಆಕಾಶದಲ್ಲೇ ಕಳೆಯಿತು.

ಈಗ ಗಾಳಿ. ದೂರಕ್ಕಿಂತ ಗಾಳಿ ದೊಡ್ಡದು ಎಂದು ನಾನು ಕೆಲಸ ಕಲಿತ ಮೊದಲ ವಾರವೇ ಹಿರಿಯರು ಹೇಳಿಕೊಟ್ಟಿದ್ದರು. ಒಂಬತ್ತು ಹತ್ತು ಕಿ.ಮೀ. ಎತ್ತರದಲ್ಲಿ, ಮುಖ್ಯವಾಗಿ ಉತ್ತರದ ಅಕ್ಷಾಂಶಗಳಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೇ ಹರಿಯುತ್ತದೆ. ಅದಕ್ಕೆ ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಗಂಟೆಗೆ 100, 200 ಕಿ.ಮೀ. ವೇಗ ಅದಕ್ಕೆ ಮಾಮೂಲಿ. ಗಂಟೆಗೆ 900 ಕಿ.ಮೀ. ಓಡುವ ವಿಮಾನಕ್ಕೆ 100 ಕಿ.ಮೀ. ಗಾಳಿ ಎದುರು ಬಂದರೆ ನೆಲದ ಲೆಕ್ಕದಲ್ಲಿ ಅದು ಓಡುವುದು 800. ಹಿಂದಿನಿಂದ ಬಂದರೆ 1,000. ಅಂದರೆ 8,000 ಕಿ.ಮೀ. ದಾರಿಗೆ ಒಂದು ಕಡೆ 10 ಗಂಟೆ, ಇನ್ನೊಂದು ಕಡೆ 8. ಮಲ್ಪೆಯ ಬೋಟಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರಿನ ಸೆಳೆತ ಎತ್ತ ಇದೆ ಎಂದು ನೋಡಿಯೇ ಅವರು ಡೀಸೆಲ್ ಲೆಕ್ಕ ಹಾಕುತ್ತಾರೆ.

ಇದಕ್ಕೆ ನಮ್ಮ ದೇಶದ್ದೇ ಒಂದು ಒಳ್ಳೆಯ ಉದಾಹರಣೆ ಇದೆ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಏರ್ ಇಂಡಿಯಾ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು. 2016ರ ಅಕ್ಟೋಬರಿನಲ್ಲಿ ಪೆಸಿಫಿಕ್ ಕಡೆಯಿಂದ, ಅಂದರೆ ಪೂರ್ವಕ್ಕೆ ಹೋಗಿ ನೋಡಿದರು. ದೂರ 15,300 ಕಿ.ಮೀ. ಆಯಿತು, ಹಳೆಯ ದಾರಿಗಿಂತ 1,400 ಜಾಸ್ತಿ. ಹಿಡಿದ ಸಮಯ ಹದಿನಾಲ್ಕೂವರೆ ಗಂಟೆ, ಹಳೆಯದಕ್ಕಿಂತ ಹೆಚ್ಚುಕಡಿಮೆ ಎರಡು ಗಂಟೆ ಕಡಿಮೆ! ಭಾಗಿಸಿ ನೋಡಿ, ಸರಾಸರಿ ಗಂಟೆಗೆ 1,055 ಕಿ.ಮೀ. ಬರುತ್ತದೆ. ಅಷ್ಟೊಂದು ವೇಗ ಇಂಜಿನ್ನಿನದಲ್ಲ. ಬೆನ್ನಿಗೆ ಬಂದ ಗಾಳಿ ಕೊಟ್ಟದ್ದು. ಎರಡು ಊರಿನ ನಡುವೆ ಇಷ್ಟು ಕಿ.ಮೀ., ಆದ್ದರಿಂದ ಇಷ್ಟು ಗಂಟೆ ಎಂದು ಯಾರಾದರೂ ಹೇಳಿದರೆ ನಾನು ಈ ಒಂದು ಹಾರಾಟವನ್ನು ನೆನಪಿಸುತ್ತೇನೆ.

ನಿಮ್ಮ ದಾರಿಯಲ್ಲಿ ಗಾಳಿಯ ಆಟ ಅಷ್ಟಿಲ್ಲ. ದುಬೈಯಿಂದ ವಿಮಾನ ಉತ್ತರಕ್ಕೆ ಹತ್ತಿ ಆಚೆ ಕಡೆ ದಕ್ಷಿಣಕ್ಕೆ ಇಳಿಯುತ್ತದೆ. ಪೂರ್ವಕ್ಕೆ ಬೀಸುವ ಗಾಳಿ ಅದಕ್ಕೆ ಹೆಚ್ಚಾಗಿ ಅಡ್ಡದಿಂದ ತಾಗುತ್ತದೆ. ಅದಕ್ಕೇ ಹೋಗುವಾಗ 16 ಗಂಟೆ, ಬರುವಾಗ ಹದಿನೈದೂವರೆ, ಅರ್ಧ ಗಂಟೆಯ ವ್ಯತ್ಯಾಸ ಮಾತ್ರ. ನಮ್ಮ ಊರಿನ ಮೇಲೂ ಒಂದು ವಿಶೇಷ ಇದೆ. ಮಳೆಗಾಲದಲ್ಲಿ ನೆಲದ ಹತ್ತಿರ ಗಾಳಿ ಸಮುದ್ರದಿಂದ ಬೀಸುತ್ತದೆ ಅಲ್ವಾ? ತುಂಬಾ ಎತ್ತರದಲ್ಲಿ ಅದೇ ಹೊತ್ತಿಗೆ ಪೂರ್ವದಿಂದ ಪಶ್ಚಿಮಕ್ಕೆ ಜೋರು ಗಾಳಿ ಇರುತ್ತದೆ. ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1950ರ ದಶಕದಲ್ಲಿ ಇದನ್ನು ಜಗತ್ತಿಗೆ ತೋರಿಸಿಕೊಟ್ಟರು. ಹಾಗಾಗಿ ಜುಲೈ ಆಗಸ್ಟಿನಲ್ಲಿ ಮಂಗಳೂರಿನಿಂದ ದುಬೈ ಕಡೆಗೆ ಹೊರಟ ವಿಮಾನಕ್ಕೆ ಮೊದಮೊದಲು ಬೆನ್ನ ಗಾಳಿ ಸಿಗುತ್ತದೆ. ಚಳಿಗಾಲದಲ್ಲಿ ಗಲ್ಫ್ ಕಡೆಯಲ್ಲಿ ಎದುರು ಗಾಳಿ.

ಬಹಳ ಜನ ಇನ್ನೊಂದು ಮಾತು ಕೇಳುತ್ತಾರೆ. ಭೂಮಿ ಪೂರ್ವಕ್ಕೆ ತಿರುಗುತ್ತದೆ, ಹಾಗಾದರೆ ಪಶ್ಚಿಮಕ್ಕೆ ಹೋಗುವ ವಿಮಾನ ಬೇಗ ತಲುಪಬೇಕಲ್ಲ ಎಂದು. ಮಂಗಳೂರಿನ ನೆಲ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿರುವುದು ನಿಜ. ಆದರೆ ಗಾಳಿಯೂ, ಗಾಳಿಯಲ್ಲಿರುವ ವಿಮಾನವೂ ಅದರ ಜೊತೆಗೇ ಬರುತ್ತವೆ. ಉಡುಪಿ ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಡುತ್ತಾ ಹಿಂದಕ್ಕೂ ಮುಂದಕ್ಕೂ ನಡೆಯುವುದನ್ನು ನೋಡಿ. ಬಸ್ಸು ಎಷ್ಟೇ ಜೋರಾಗಿ ಓಡುತ್ತಿದ್ದರೂ ಅವರಿಗೆ ಎರಡೂ ಕಡೆಗೆ ನಡೆಯಲಿಕ್ಕೆ ಒಂದೇ ಸಮಯ ಸಾಕು.

ಟಿಕೆಟ್ಟಿನ ಸಮಯ ಹೇಗೆ ಬರೆಯುತ್ತಾರೆ ಎಂಬುದನ್ನೂ ತಿಳಿದುಕೊಳ್ಳಿ. ಮಂಗಳೂರಿನಿಂದ ಬೆಂಗಳೂರು ಆಕಾಶದಲ್ಲಿ ಸುಮಾರು 300 ಕಿ.ಮೀ. 850ರ ವೇಗದಲ್ಲಿ ಇಪ್ಪತ್ತೊಂದು ನಿಮಿಷ ಸಾಕಿತ್ತು. ಟಿಕೆಟ್ಟಿನಲ್ಲಿ ಒಂದು ಗಂಟೆಯ ಆಸುಪಾಸು ಇರುತ್ತದೆ. ಮೋಸ ಅಲ್ಲ. ವಿಮಾನದ ಚಕ್ರಕ್ಕೆ ಇಟ್ಟ ಅಡ್ಡಗಟ್ಟೆ ತೆಗೆದ ಕ್ಷಣದಿಂದ, ತಲುಪಿದ ಊರಿನಲ್ಲಿ ಮತ್ತೆ ಇಡುವ ಕ್ಷಣದವರೆಗೆ ಲೆಕ್ಕ. ಅದನ್ನು ಬ್ಲಾಕ್ ಟೈಮ್ ಎನ್ನುತ್ತೇವೆ. ನೆಲದ ಮೇಲೆ ಉರುಳುವುದು, ಸರದಿ ಕಾಯುವುದು, ಏರುವುದು, ಇಳಿಯುವ ಮೊದಲು ಸುತ್ತುವುದು ಎಲ್ಲ ಅದರಲ್ಲಿ ಸೇರಿದೆ. ಚಿಕ್ಕ ದಾರಿಗೆ ಈ ಸೇರ್ಪಡೆ ಅರ್ಧಕ್ಕಿಂತ ಜಾಸ್ತಿ. ಉದ್ದ ದಾರಿಯಲ್ಲಿ ಅದು ಗೊತ್ತೇ ಆಗುವುದಿಲ್ಲ.

ಆಕಾಶಕ್ಕೂ ಗಡಿ ಇದೆ, ಕೆಲವೊಮ್ಮೆ ಬಾಗಿಲು ಹಾಕುತ್ತಾರೆ. 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನ ಕಂಪನಿಗಳಿಗೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಸುತ್ತು ಬಳಸಬೇಕಾಯಿತು. ಮಂಗಳೂರು ದುಬೈ ದಾರಿ ಅರಬ್ಬೀ ಸಮುದ್ರದ ಮೇಲೆ ಹೋಗಿ ಒಮಾನ್ ಕಡೆಯಿಂದ ಒಳಗೆ ಹೋಗುತ್ತದೆ, ಅದಕ್ಕೆ ಇದು ತಾಗುವುದಿಲ್ಲ. ಆದರೆ ಅದೇ ವರ್ಷ ಜೂನ್‌ನಲ್ಲಿ ಯುದ್ಧದಿಂದಾಗಿ ಇರಾನ್, ಇರಾಕ್ ಆಕಾಶ ಕೆಲವು ದಿನ ಮುಚ್ಚಿದಾಗ ಗಲ್ಫ್ ಕಡೆಯ ಎಷ್ಟೋ ವಿಮಾನಗಳ ಸಮಯ ಏರುಪೇರಾಯಿತು. ಹೊರಡುವ ಹಿಂದಿನ ದಿನ ವಿಮಾನದ ಸಮಯ ಇನ್ನೊಮ್ಮೆ ನೋಡಿಕೊಳ್ಳಲು ಮಗಳಿಗೆ ಹೇಳಿ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಗಡಿಯಾರ.

ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ವರ್ಷವಿಡೀ. ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುತ್ತಾರೆ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ಅವರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಉಳಿದ ತಿಂಗಳುಗಳಲ್ಲಿ ಹದಿಮೂರೂವರೆ. ನೀವು ಮೇ ತಿಂಗಳಲ್ಲಿ ಹೋಗಿ ಅಕ್ಟೋಬರಿನಲ್ಲಿ ಬರುವುದರಿಂದ ಎರಡು ಸಲವೂ ಹನ್ನೆರಡೂವರೆಯೇ. ಟಿಕೆಟ್ಟಿನಲ್ಲಿ ಯಾವ ಊರಿನ ಎದುರು ಸಮಯ ಬರೆದಿದೆಯೋ ಅದು ಆ ಊರಿನ ಗಡಿಯಾರ. ಎರಡು ಊರಿನ ಗಡಿಯಾರ ಬೆರೆಸಿ ಕಳೆದಿದ್ದಕ್ಕೇ ನಿಮಗೆ 14 ಬಂತು. ಅದಕ್ಕೆ ಹನ್ನೆರಡೂವರೆ ಕೂಡಿಸಿ, 26 ಗಂಟೆ 30 ನಿಮಿಷ. ಬರುವಾಗ ತಿರುಗಮುರುಗ. ಸೋಮವಾರ ಸಂಜೆ 4ರಿಂದ ಬುಧವಾರ 3.20ರವರೆಗೆ 35 ಗಂಟೆ 20 ನಿಮಿಷ ಕಾಣುತ್ತದೆ. ಹನ್ನೆರಡೂವರೆ ಕಳೆಯಿರಿ, 22 ಗಂಟೆ 50 ನಿಮಿಷ. ಮಂಗಳವಾರ ಎಲ್ಲೂ ಹೋಗಲಿಲ್ಲ. ಹೋಗುವಾಗ ಉಳಿಸಿದ್ದನ್ನು ಬರುವಾಗ ತೀರಿಸಿದಿರಿ.

ನಾವು ಡಿಸ್ಪ್ಯಾಚರುಗಳು ಯಾವ ಊರಿನಲ್ಲಿ ಕೂತರೂ ಯುಟಿಸಿ ಎಂಬ ಒಂದೇ ಸಮಯದಲ್ಲಿ ಕೆಲಸ ಮಾಡುತ್ತೇವೆ. ನಮ್ಮ ಭಾರತದ ಸಮಯದಲ್ಲಿ ಐದೂವರೆ ಗಂಟೆ ಕಳೆದರೆ ಅದು. ನೀವೂ ಒಂದೇ ಗಡಿಯಾರ ಹಿಡಿದುಕೊಳ್ಳಿ. ನಿಮ್ಮದು ಭಾರತದ್ದೇ ಆಗಲಿ. ಮೊಬೈಲ್ ನಂಬಬೇಡಿ, ದುಬೈಯಲ್ಲಿ ನೆಟ್‌ವರ್ಕ್ ಸಿಕ್ಕ ಕೂಡಲೇ ಅದು ತಾನೇ ಸಮಯ ಬದಲಿಸುತ್ತದೆ. ನಿಮ್ಮ ಯಜಮಾನರ ಕೈಗಡಿಯಾರ ಬ್ರಹ್ಮಾವರದ ಸಮಯದಲ್ಲೇ ಇರಲಿ, ಮಗಳ ಮನೆ ತಲುಪುವವರೆಗೆ ಅದಕ್ಕೆ ಕೈ ಹಾಕಬೇಡಿ.

ಆ ಗಡಿಯಾರದಲ್ಲಿ ನಿಮ್ಮ ಪ್ರಯಾಣ ಹೀಗಿದೆ. ಮಂಗಳವಾರ ರಾತ್ರಿ 8ರ ಮಾತ್ರೆ ಬಜ್ಪೆಯ ದಾರಿಯಲ್ಲಿ ಅಥವಾ ನಿಲ್ದಾಣದಲ್ಲಿ. 11.30ಕ್ಕೆ ವಿಮಾನ. ಮೂರೂವರೆ ಗಂಟೆಯ ನಂತರ, ಬುಧವಾರ ನಸುಕಿನ 3ಕ್ಕೆ ದುಬೈ. ಅಲ್ಲಿನ ಗೋಡೆ ಗಡಿಯಾರ 1.30 ತೋರಿಸುತ್ತದೆ. ಬೆಳಿಗ್ಗೆ 8ರ ಮಾತ್ರೆ ದುಬೈ ನಿಲ್ದಾಣದಲ್ಲೇ ಕಾಯುತ್ತಿರುವಾಗ. ಅಲ್ಲಿ ಆಗ ಬೆಳಿಗ್ಗೆ 6.30. ತಿಂಡಿ ತಿಂದು ಕೊಡಲಿಕ್ಕೆ ಒಳ್ಳೆಯ ಹೊತ್ತು. ನಮ್ಮ 10 ಗಂಟೆಗೆ, ಅಲ್ಲಿನ 8.30ಕ್ಕೆ ಎರಡನೇ ವಿಮಾನ. ರಾತ್ರಿ 8ರ ಮಾತ್ರೆ ಹಾರಾಟ ಶುರುವಾಗಿ 10 ಗಂಟೆಗೆ. ಆಗ ನೀವು ಧ್ರುವ ದಾಟಿ ಕೆನಡಾದ ಉತ್ತರದ ಹಿಮದ ದ್ವೀಪಗಳ ಹತ್ತಿರ ಇರುತ್ತೀರಿ. ಅಲ್ಲಿಂದ ಇಳಿಯಲು ಇನ್ನೂ ಆರು ಗಂಟೆ. ನಮ್ಮ ಗುರುವಾರ ನಸುಕಿನ 2ಕ್ಕೆ, ಅವರ ಬುಧವಾರ ಮಧ್ಯಾಹ್ನ 1.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ. ಮರುದಿನ ಬೆಳಿಗ್ಗೆ 8ರ ಮಾತ್ರೆ ಮಗಳ ಮನೆಯಲ್ಲಿ ಅದೇ ಸಂಜೆ 7.30ಕ್ಕೆ. ಆಮೇಲೆ ಅಲ್ಲಿನ ಸಮಯಕ್ಕೆ ಹೇಗೆ ಹೊಂದಿಸುವುದು ಎಂದು ನಿಮ್ಮ ಡಾಕ್ಟರನ್ನು ಹೊರಡುವ ಮೊದಲೇ ಕೇಳಿ ಬರೆಸಿಕೊಳ್ಳಿ. ಬಿಪಿ ಮಾತ್ರೆಗೆ ಬೆಳಿಗ್ಗೆ 8, ರಾತ್ರಿ 8 ಅದಲುಬದಲಾದರೆ ಬಹಳ ಸಲ ಸುಲಭ. ಇನ್ಸುಲಿನ್ ಇರುವವರಿಗೆ ಹಾಗಲ್ಲ, ಅವರು ಕೇಳದೆ ಹೊರಡಲೇಬಾರದು. ಎಲ್ಲ ಮಾತ್ರೆ, ಡಾಕ್ಟರ ಚೀಟಿ ಕೈಚೀಲದಲ್ಲಿರಲಿ. ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೆ ಹೇಳಲೇಬೇಕು. ಈ 16 ಗಂಟೆಯಲ್ಲಿ ನಿಮಗೆ ರಾತ್ರಿಯೇ ಆಗುವುದಿಲ್ಲ. ಬೆಳಿಗ್ಗೆ ಹೊರಡುತ್ತೀರಿ. ಮೇ ತಿಂಗಳಲ್ಲಿ ಧ್ರುವದ ಸುತ್ತ ಸೂರ್ಯ ಮುಳುಗುವುದಿಲ್ಲ. ಧ್ರುವ ದಾಟಿ ಆಚೆ ಕಡೆ ದಕ್ಷಿಣಕ್ಕೆ ಬರುವಾಗ ಅಲ್ಲಿ ಮತ್ತೆ ಬೆಳಿಗ್ಗೆ. ಮೈಗೆ ಮಾತ್ರ ನಡುರಾತ್ರಿ ಆಗಿರುತ್ತದೆ. ಆದ್ದರಿಂದ ಕಿಟಕಿಯ ಬೆಳಕು ನೋಡಿ ಹೊತ್ತು ಅಳೆಯಬೇಡಿ. ಕೈಗಡಿಯಾರದಲ್ಲಿ ರಾತ್ರಿ 9 ಆದರೆ ಪರದೆ ಇಳಿಸಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿ. ಎಚ್ಚರ ಇದ್ದಾಗ ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ನೀರು ಕುಡಿಯುತ್ತಿರಿ. ಅಷ್ಟು ಹೊತ್ತು ಕಾಲು ಇಳಿಬಿಟ್ಟು ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇದೆ. ನಮ್ಮ ವಯಸ್ಸಿನವರಿಗೆ ಜಾಸ್ತಿ.

ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಇನ್ನೂ ಉದ್ದ. ಬ್ರಹ್ಮಾವರದಿಂದ ಮೂಲ್ಕಿ, ಕಿನ್ನಿಗೋಳಿ, ಕಟೀಲು ಮೇಲೆ ಬಜ್ಪೆಗೆ ಎರಡು ಗಂಟೆ ಇಟ್ಟುಕೊಳ್ಳಿ. ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ಅಂದರೆ ಮಂಗಳವಾರ ಸಂಜೆ 6.30ಕ್ಕೇ ಮನೆ ಬಿಡಿ. ಅಲ್ಲಿ ಇಳಿದ ಮೇಲೆ ಇಮಿಗ್ರೇಶನ್ ಸರದಿ, ಸಾಮಾನು, ಕಾರು ಎಲ್ಲ ಸೇರಿ ಇನ್ನೂ ಎರಡು ಮೂರು ಗಂಟೆ. ಒಟ್ಟು ಮೂವತ್ತನಾಲ್ಕು ಗಂಟೆಯ ಹತ್ತಿರ.

ದುಬೈಯ ಆ ಏಳು ಗಂಟೆಯ ಬಗ್ಗೆ ಬೇಸರ ಮಾಡಿಕೊಳ್ಳಬೇಡಿ. ಎರಡು ಗಂಟೆಯ ಅಂತರ ಇರುವ ಟಿಕೆಟ್ ಸಿಕ್ಕಿದ್ದರೂ ನಾನು ನಿಮಗೆ ಬೇಡ ಎನ್ನುತ್ತಿದ್ದೆ. ಮೇ ಕೊನೆಗೆ ನಮ್ಮಲ್ಲಿ ಗುಡುಗು ಮಳೆ ಶುರುವಾಗುತ್ತದೆ. ಬಜ್ಪೆಯ ಗುಡ್ಡದ ಮೇಲೆ ಮೋಡ ಕೂತರೆ ರನ್‌ವೇ ಕಾಣುವುದಿಲ್ಲ. ಬರಬೇಕಾದ ವಿಮಾನ ಬೆಂಗಳೂರಿಗೋ ಕೊಚ್ಚಿಗೋ ಹೋಗಿ ಕಾಯುತ್ತದೆ. ಅದು ಬರದೆ ನೀವು ಹೊರಡುವಂತಿಲ್ಲ. ಒಮ್ಮೆ ಜೂನ್‌ನಲ್ಲಿ ನನ್ನ ಅಕ್ಕ ಭಾವ ಇದೇ ರೀತಿ ಮೂರು ಗಂಟೆ ತಡವಾಗಿ ಹೊರಟು, ಮುಂದಿನ ವಿಮಾನ ಕಣ್ಣೆದುರೇ ತಪ್ಪಿ, ಒಂದು ಇಡೀ ದಿನ ಕುರ್ಚಿಯ ಮೇಲೆ ಕಳೆದರು. ಆಮೇಲಿಂದ ನಮ್ಮ ಮನೆಯವರಿಗೆ ಟಿಕೆಟ್ ಮಾಡುವಾಗ ಐದು ಗಂಟೆಗಿಂತ ಕಡಿಮೆ ಅಂತರ ನಾನು ಒಪ್ಪುವುದಿಲ್ಲ. ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿ ಇದೆಯಾ ಎಂದೂ ಮಗಳನ್ನು ಕೇಳಿ. ಒಂದೇ ಆದರೆ, ತಪ್ಪಿದರೂ ಮುಂದಿನ ವಿಮಾನ ಹತ್ತಿಸುವ ಜವಾಬ್ದಾರಿ ಕಂಪನಿಯದು. ಬೇರೆ ಬೇರೆ ಕೊಂಡಿದ್ದರೆ ಹಾಗಿಲ್ಲ.

ಬರುವಾಗಿನ ಮಾತ್ರೆ ಲೆಕ್ಕ ಈಗ ನಿಮಗೇ ಬರುತ್ತದೆ, ಅಕ್ಟೋಬರಿನಲ್ಲಿ ಬರೆದು ಕಳಿಸಿ, ನಾನು ಒಮ್ಮೆ ನೋಡಿ ಕೊಡುತ್ತೇನೆ. ವಾಪಸ್ ಬರುವ ಟಿಕೆಟ್ಟಿಗೆ ಕಿಟಕಿ ಸೀಟು ಕೇಳಿ ಇಡಿ. ಸಂಜೆ 4ಕ್ಕೆ ಹೊರಟ ವಿಮಾನ ಮೂರು ನಾಲ್ಕು ಗಂಟೆಯಲ್ಲಿ ಕೆನಡಾದ ಉತ್ತರದ ಕತ್ತಲೆಗೆ ಬರುತ್ತದೆ. ದೀಪ ಆರಿಸಿದ ಮೇಲೆ ಪರದೆ ಸ್ವಲ್ಪ ಎತ್ತಿ, ಹೊದಿಕೆಯನ್ನು ತಲೆಗೆ ಮುಸುಕು ಹಾಕಿಕೊಂಡು ಹೊರಗೆ ನೋಡಿ. ಅದೃಷ್ಟ ಇದ್ದರೆ ಹಸಿರು ಬಣ್ಣದ ಉತ್ತರ ಧ್ರುವದ ಬೆಳಕು ಕಾಣುತ್ತದೆ.